ಬಂಜುಲಿನ ಕಮಾನಿನಡಿ ನಮ್ಮ ಆನೆ

ಮಗಳ ಕ್ಲಾಸಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ರಾಜಧಾನಿ ಹಂಚಿದ್ದರು. ಇವಳ ಪಾಲಿಗೆ ಬಂದದ್ದು ಗ್ಯಾಂಬಿಯಾ ದೇಶದ ಬಂಜುಲ್. ರಟ್ಟಿನಲ್ಲಿ ಊರು ಕಟ್ಟಿ, ಅದರ ಬಗ್ಗೆ ಮಾತಾಡಬೇಕು. ಅಲ್ಲಿ ಇಲ್ಲದ್ದನ್ನು ಇಟ್ಟರೆ ಮಾರ್ಕ್ಸು ಕಳೆಯುತ್ತಾರೆ. ಹಿಂದಿನ ಸಲ ಕಳೆದುಕೊಂಡಿದ್ದವಳು ಈ ಸಲ ಪೂರ್ತಿ ಬೇಕೆಂದು ಹಟ ಹಿಡಿದಿದ್ದಳು.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅಷ್ಟು ದೊಡ್ಡ ರಟ್ಟು ಒಣಗಿಸಲು ಜಾಗವಿದ್ದದ್ದು ಒಂದೇ ಕಡೆ, ದಸರಾ ಗೊಂಬೆಗೆಂದು ಜೋಡಿಸಿದ್ದ ಮೆಟ್ಟಿಲುಗಳ ಮುಂದೆ. ಬಣ್ಣ ಹಚ್ಚಿ ಅಲ್ಲಿಟ್ಟು ಗ್ರೋಸರಿಗೆ ಹೋದೆವು. ಬರುವಷ್ಟರಲ್ಲಿ, ಮೈಸೂರಿನಿಂದ ಈ ಪರದೇಶಕ್ಕೆ ಬಂದಿದ್ದ ನಮ್ಮತ್ತೆ ಗೊಂಬೆ ಕೂರಿಸಿ ಆರತಿಯನ್ನೂ ಎತ್ತಿ ಮುಗಿಸಿದ್ದರು, ಬಂಜುಲಿಗೂ ಸೇರಿಸಿ. ಊರಬಾಗಿಲಿನ ದೊಡ್ಡ ಕಮಾನಿನಡಿ ಅಂಬಾರಿ ಹೊತ್ತ ಆನೆ ನಿಂತಿತ್ತು. ಮಾರ್ಕೆಟಿನಲ್ಲಿ ಶೆಟ್ಟಿ ದಂಪತಿ ಅಕ್ಕಿ-ಬೇಳೆ ಅಂಗಡಿ ತೆರೆದು ಕೂತಿದ್ದರು.

"ಅಜ್ಜೀ! ಬಂಜುಲಲ್ಲಿ ಎಲಿಫೆಂಟ್ ಯಾಕೆ?"

"ಅಷ್ಟು ಚೆನ್ನಾಗಿರೋ ಕಮಾನು ಖಾಲಿ ಬಿದ್ದಿತ್ತಲ್ಲೇ, ಪುಟ್ಟಿ."

"ಮಂಡೇ ಸ್ಕೂಲಿಗೆ ತಗೊಂಡ್ ಹೋಗ್ಬೇಕು!"

"ಕೂರಿಸಿದ ಗೊಂಬೆ ವಿಜಯದಶಮಿ ತನಕ ಏಳಿಸೋ ಹಾಗಿಲ್ಲ."

"ಇಟ್ಸ್ ನಾಟ್ ಎ ಗೊಂಬೆ! ಇಟ್ಸ್ ಎ ಕ್ಯಾಪಿಟಲ್!"

"ಆರತಿ ಆಯ್ತಲ್ಲ. ಇನ್ನು ಗೊಂಬೇನೇ."

ನನ್ನ ಗಂಡ ಶನಿವಾರವೂ ಮೀಟಿಂಗಿದೆ ಎಂದು ರೂಮು ಸೇರಿದರು. ರಾಜಧಾನಿ ಸಿದ್ಧವಾಗಿದೆ, ಆದರೆ ಹಬ್ಬ ಮುಗಿಯುವವರೆಗೆ ಮನೆ ಬಿಡುವಂತಿಲ್ಲ ಎಂದು ನಾನೇ ಟೀಚರಿಗೆ ಈಮೇಲು ಬರೆದೆ. ಶಾಲೆಯಿಂದ ಓಕ್ಲ್ಯಾಂಡಿನ ತಮ್ಮ ಮನೆಗೆ ಮರಳುವ ದಾರಿಯಲ್ಲಿ ಇಲ್ಲಿಗೇ ಬಂದು ನೋಡುತ್ತೇನೆ ಎಂದು ಆಕೆ ಉತ್ತರಿಸಿದರು.

"ಬರ್ಲಿ, ಅರಿಶಿನ ಕುಂಕುಮಕ್ಕೂ ಆಯ್ತು," ಎಂದರು ಅತ್ತೆ.

ಅಷ್ಟರಲ್ಲಿ ಮಗಳ ಬಾಯಿಪಾಠ ಕೇಳಿ ಕೇಳಿ ಅವರಿಗೇ ಎಲ್ಲ ಬಂದುಬಿಟ್ಟಿತ್ತು. ಸಂಜೆ ಬಂದ ಹೆಂಗಸರಿಗೆ ದೇವಿಗಿಂತ ಮೊದಲು ಬಂಜುಲ್ ದರ್ಶನ. "ನಮ್ಮ ಶ್ರೀರಂಗಪಟ್ಟಣದ ಥರ ದ್ವೀಪ ಕಣ್ರೀ. ಗ್ಯಾಂಬಿಯಾ ನದಿ ಇಲ್ಲೇ ಸಮುದ್ರ ಸೇರೋದು. ಆಚೆ ದಡಕ್ಕೆ ಫೆರಿ ಇದೆ. ಮೊದ್ಲು ಬಾಥರ್ಸ್ಟ್ ಅಂತಿದ್ರು, ಆಮೇಲೆ ಹೆಸರು ಬದಲಾಯ್ಸಿದ್ರು. ರಾಜಧಾನಿ ಇದೇ, ಬೆಳೆದಿದ್ದು ಮಾತ್ರ ಪಕ್ಕದ ಸೆರೆಕುಂಡ. ಮೈಸೂರು ಹಾಗೇ ಇದ್ದು ಬೆಂಗಳೂರು ಬೆಳೀಲಿಲ್ವೇ, ಹಾಗೆ. ಕಡಲೇಕಾಯಿ ಇಲ್ಲಿಂದ್ಲೇ ಹಡಗು ಹತ್ತೋದು." ಹಾಗಾಗಿ ಆ ದಿನದ ಉಸಲಿಯೂ ಕಡಲೇಬೀಜದ್ದೇ.

"ಮೀನು ಉಂಟಾ ಅಲ್ಲಿ?" ಉಡುಪಿಯ ನೆರೆಮನೆಯಾಕೆ ಕೇಳಿದರು.

ಅತ್ತೆ ದೇವಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಬೇಕಾದಷ್ಟಂತೆ."

ಸೋಮವಾರ ಟೀಚರು ಬಂದರು. ಗೊಂಬೆಯ ಮುಂದೆ ಹೆಣ್ಣುಮಕ್ಕಳು ಹಾಡು ಹೇಳಬೇಕಲ್ಲ, ಆ ಜಾಗದಲ್ಲಿ ನಿಂತು ಮಗಳು ಬಂಜುಲ್ ಒಪ್ಪಿಸಿದಳು. ಟೀಚರು ಚಾಪೆಯ ಮೇಲೆ ಕೂತು ತಲೆದೂಗುತ್ತ ಗುರುತು ಹಾಕಿಕೊಂಡರು. ಪೆನ್ಸಿಲ್ಲು ಆನೆಯ ಹತ್ತಿರ ನಿಂತಿತು. ಇದು?

ಮಗಳು ಅಜ್ಜಿಯನ್ನು ನೋಡಿದಳು. ಗ್ಯಾಂಬಿಯಾದಲ್ಲಿ ಈಗ ಕಾಡಾನೆಗಳಿಲ್ಲ, ಇದು ಮೈಸೂರಿನಿಂದ ಬಂದ ಟೂರಿಸ್ಟು, ಹಬ್ಬ ಮುಗಿದ ಮೇಲೆ ವಾಪಸು ಹೋಗುತ್ತದೆ ಎಂದಳು.

ಹಾಗಾದರೆ ಅಂಗಡಿಯವರೂ ಟೂರಿಸ್ಟುಗಳೇ?

"ನೋ," ಎಂದಳು. "ದೇ ಮೂವ್ಡ್ ದೇರ್. ದೇ ಲಿವ್ ದೇರ್ ನೌ."

ಟೀಚರು ನಮ್ಮನ್ನೂ ನಮ್ಮ ಗೊಂಬೆಗಳನ್ನೂ ಒಮ್ಮೆ ನೋಡಿ ಪೂರ್ತಿ ಮಾರ್ಕ್ಸು ಕೊಟ್ಟರು. ತೆಂಗಿನಕಾಯಿ, ರವಿಕೆ ಕಣ ಹಿಡಿದು ಹೊರಟರು.

ದಶಮಿಯಾದ ಮೇಲೆ ಅತ್ತೆ ಆನೆಯನ್ನು ಹಳೆ ಪಂಚೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದರು. ಶೆಟ್ಟಿ ದಂಪತಿಗೆ ಕೈ ಹಾಕಿದಾಗ ಮಗಳು ಅಡ್ಡ ನಿಂತಳು.

"ಅವ್ರನ್ನ ತೆಗೀಬೇಡಿ ಅಜ್ಜಿ. ಅಲ್ಲೇ ಇರ್ತಾರೆ ಅಂತ ಹೇಳಿ ಮಾರ್ಕ್ಸ್ ತಗೊಂಡಿದೀನಿ."

ಮರುದಿನ ಬಂಜುಲ್ ಶಾಲೆಗೆ ಹೋಯಿತು, ಅಕ್ಕಿ-ಬೇಳೆ ಅಂಗಡಿಯ ಸಮೇತ.