ವಿಮಾನದ ಕಾಲಿಗೆ ಹಚ್ಚಿದ ಎಣ್ಣೆ

"ಅಮ್ಮಾ, ಗಾಳೆಪ್ಪ ತಾತ ಈಗ ತಮ್ಮನ್ನ ಯಾಕ ಎತ್ಕೊಳ್ಳಂಗಿಲ್ಲ?"

ಪೂಜಿತಾ ಕೇಳಿದಾಗ ನಾನು ತೊಟ್ಟಿಲ ಬಟ್ಟೆ ಹಿಂಡುತ್ತಿದ್ದೆ. "ತಾತಗ ಕೈ ನೋವೈತವ್ವ" ಎಂದೆ.

"ಸುಳ್ಳು. ನೀರಿನ ಕೊಡ ಎತ್ಕೊಂಡು ಹೋದ, ನಾ ನೋಡೀನಿ."

ಹೌದು, ಸುಳ್ಳೇ. ಅವಳಿಗೆ ಹೇಳಲಾಗದ್ದನ್ನು ಇಲ್ಲಿ ಬರೆದಿಡುತ್ತೇನೆ.

ನಮ್ಮೂರು ವಡ್ಡುವಿನಲ್ಲಿ ನಮ್ಮ ಮನೆಗೂ ಗಾಳೆಪ್ಪನವರ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಆ ಕಡೆ ಒಗ್ಗರಣೆ ಹಾಕಿದರೆ ಈ ಕಡೆ ಸೀನು ಬರುತ್ತದೆ. ಅವರ ಹೆಂಡತಿ ವಿರುಪಮ್ಮ ಈ ಓಣಿಯ ಕೂಸುಗಳಿಗೆಲ್ಲ ಎಣ್ಣೆ ಹಚ್ಚಿ ನೀರೆರೆಯುವವರು. ಹರಳೆಣ್ಣೆ, ಕೊಬ್ಬರಿ ಎಣ್ಣೆ, ಅಜವಾನ, ಬೆಳ್ಳುಳ್ಳಿ ಎಲ್ಲ ಹಾಕಿ ಅವರೇ ಕಾಯಿಸುತ್ತಾರೆ. ನನ್ನ ಮಗನನ್ನು ಕಾಲ ಮೇಲೆ ಮಲಗಿಸಿಕೊಂಡು, "ಚಾಚಲೇ ಕಾಲು, ಧಣಿ! ನಿಂಗ ಅಂತ ಕಾಯಿಸಿ ತಂದೀನಿ, ಮತ್ತ ಮಾರಿ ಗಂಟು ಹಾಕ್ತಾನ ನೋಡು" ಎಂದು ಬಯ್ಯುತ್ತ ತಿಕ್ಕುತ್ತಾರೆ. ಅವರಿಗೆ ಸ್ವಂತ ಮಕ್ಕಳಿಲ್ಲ. ಓಣಿಯಲ್ಲಿ ಅವರ ಕೈಯಲ್ಲಿ ಎರೆಸಿಕೊಳ್ಳದ ಮಕ್ಕಳೂ ಇಲ್ಲ.

ಗಾಳೆಪ್ಪನವರು ಮೊದಲು ಅದಿರು ಲಾರಿಯಲ್ಲಿ ಕ್ಲೀನರ್. ಸಂಡೂರಿನ ಗುಡ್ಡಗಳ ಕೆಂಪು ಧೂಳು ಲಾರಿಯ ಸ್ಪ್ರಿಂಗ್ ಪಟ್ಟಿಗಳಿಗೆ ಸೇರಿ ಕಿರ್ರೆನ್ನುತ್ತಿತ್ತಂತೆ. ಅಮಾವಾಸ್ಯೆಗೊಮ್ಮೆ ಇವರು ಲಾರಿಯ ಕೆಳಗೆ ಮಲಗಿ ಪಟ್ಟಿಪಟ್ಟಿಗೂ ಎಣ್ಣೆ ಹಚ್ಚಿ, ಗಾಲಿಗೆ ನಿಂಬೆಹಣ್ಣು ಇಡುತ್ತಿದ್ದರು. "ಗಾಳೆಪ್ಪ ಇದ್ದ ಗಾಡಿ ಮುಲುಗಂಗಿಲ್ಲ" ಎಂದು ಡ್ರೈವರುಗಳು ಅವರನ್ನು ಜಗಳವಾಡಿ ಕರೆದೊಯ್ಯುತ್ತಿದ್ದರಂತೆ. ಗಣಿಗಳು ನಿಂತು ಲಾರಿಗಳು ತುಕ್ಕು ಹಿಡಿದ ಮೇಲೆ ಅವರಿಗೆ ಸಿಕ್ಕ ಕೆಲಸ ವಿಮಾನ ತೊಳೆಯುವುದು.

ವಿಮಾನವೆಂದರೆ ದೊಡ್ಡದೇನಲ್ಲ. ಇಲ್ಲಿಯ ಗಣಿ ಮಾಲೀಕರೊಬ್ಬರದು, ನಾಲ್ಕು ಜನ ಕೂರುವಂಥದು. ಅವರನ್ನು ಎಲ್ಲರೂ ಧಣಿ ಎಂದೇ ಕರೆಯುವುದು. ಊರಾಚೆ ಅವರದೇ ಜಾಗದಲ್ಲಿ ವಿಮಾನ ಇಳಿಯುವ ಪಟ್ಟಿ, ಪಕ್ಕದಲ್ಲಿ ತಗಡಿನ ಶೆಡ್ಡು. ನನ್ನ ಗಂಡ ಈಶ್ವರ್ ಅಲ್ಲಿ ಸ್ಟೋರ್ ನೋಡಿಕೊಳ್ಳುತ್ತಾರೆ. ಗಾಳೆಪ್ಪನವರು ಮೊದಲ ದಿನ ವಿಮಾನದ ಹೊಟ್ಟೆಯ ಮೇಲೆ ಕೈಯಿಟ್ಟು, "ಲಾರಿ ಅಂದ್ರ ಎಮ್ಮಿ. ಇದು ಈಗ ಹುಟ್ಟಿದ ಕೂಸು ನೋಡಪ, ಎಲುಬು ಕೈಗೆ ಸಿಗತಾವು" ಎಂದರಂತೆ. ಧಣಿಯ ಮೊಮ್ಮಗಳು ಹಾರಾಡಿ ಬಂದಾಗ ರೆಕ್ಕೆಯ ಮೇಲಿಂದ ಅವಳನ್ನು ಎತ್ತಿ ಇಳಿಸುವುದೂ ಅವರೇ. ಬೇರೆಯವರು ಕೈ ಚಾಚಿದರೆ ಆ ಹುಡುಗಿ ಬರುತ್ತಿರಲಿಲ್ಲ.

ಈ ಬೇಸಿಗೆಯ ಆರಂಭದಲ್ಲಿ ಒಮ್ಮೆ ವಿಮಾನ ಇಳಿದಾಗ ಒಂದು ಪಕ್ಕಕ್ಕೆ ವಾಲಿತು. ಮುಂದಿನ ಪಂಖ ನೆಲಕ್ಕೆ ತಾಗುವುದು ಸ್ವಲ್ಪದರಲ್ಲಿ ತಪ್ಪಿತು. ತಾಗಿದ್ದರೆ ವಿಮಾನ ಪಲ್ಟಿ ಹೊಡೆಯುತ್ತಿತ್ತು ಎಂದು ಈಶ್ವರ್ ಮನೆಗೆ ಬಂದು ಹೇಳಿದರು. ಒಳಗೆ ಆ ಮೊಮ್ಮಗಳಿದ್ದಳು. ಗಾಳೆಪ್ಪನವರು ಅವಳನ್ನು ಇಳಿಸಿಕೊಂಡು ಎಷ್ಟೋ ಹೊತ್ತು ಕೆಳಗೆ ಬಿಡಲಿಲ್ಲವಂತೆ.

ವಿಮಾನದ ಕಾಲಿನ ರಬ್ಬರು ಸವೆದಿದೆ, ಬದಲಿಸಬೇಕು ಎಂದಾಯಿತು. ಹೊಸ ರಬ್ಬರಿನ ಪೆಟ್ಟಿಗೆ ಬಂತು. ಅದನ್ನು ಹಾಕಲು ಇಂಜಿನಿಯರ್ ಲಿಂಗರಾಜ್ ಬಂದರು. ಬಳ್ಳಾರಿಯವರೇ, ಮಾತಿಗೊಮ್ಮೆ ನಗುವ ಮನುಷ್ಯ. ಆ ದಿನ ನಾನು ಈಶ್ವರ್‌ಗೆ ಬುತ್ತಿ ಕೊಡಲು ಮಕ್ಕಳನ್ನು ಕರೆದುಕೊಂಡು ಶೆಡ್ಡಿಗೆ ಹೋಗಿದ್ದೆ.

ವಿಮಾನವನ್ನು ಜಾಕಿನ ಮೇಲೆ ಎತ್ತಿದ್ದರು. ಗಾಲಿಗಳು ನೆಲ ಬಿಟ್ಟು ತೂಗುತ್ತಿದ್ದವು. ಒಂದೊಂದು ಕಾಲಿನಲ್ಲೂ ರೊಟ್ಟಿಯ ಅಟ್ಟಿಯಂತೆ ರಬ್ಬರಿನ ದಪ್ಪ ಬಿಲ್ಲೆಗಳು, ನಡುನಡುವೆ ಕಬ್ಬಿಣದ ತಟ್ಟೆ. ನೆಲಕ್ಕಿಳಿಯುವಾಗಿನ ಏಟನ್ನೆಲ್ಲ ತಿನ್ನುವುದು ಆ ಬಿಲ್ಲೆಗಳೇ. ಭಾರ ತೆಗೆದರೆ ಅವು ಉಸಿರೆಳೆದುಕೊಂಡಂತೆ ಮೇಲೇಳಬೇಕಂತೆ. ಏಳಲಿಲ್ಲ.

"ನೋಡ್ರಿ ಈಶ್ವರ್, ಕುಂತುಬಿಟ್ಟಾವು" ಎಂದರು ಲಿಂಗರಾಜ್. "ಇವು ಇನ್ನ ಏಳೂದಿಲ್ಲ."

ಅಟ್ಟಿ ಬಿಚ್ಚಿ ಒಂದು ಬಿಲ್ಲೆ ಹೊರತೆಗೆದರು. ಅಂಚು ಉಬ್ಬಿ ಮೆತ್ತಗಾಗಿತ್ತು. ಒತ್ತಿದರೆ ಬೆರಳು ಒಳಗಿಳಿದು ಕಪ್ಪಗಾಯಿತು. ಬೆರಳನ್ನು ಮೂಗಿಗೆ ಹಿಡಿದವರು ನಗತೊಡಗಿದರು.

"ಏನ್ರೀ ಇದು, ವಿಮಾನದ ಕಾಲಾಗ ಬಾಣಂತಿ ಕೋಣಿ ವಾಸನಿ ಬರ್ತೈತಿ! ಯಾರು ಹಡದಾರ ಇಲ್ಲಿ?"

ಎಲ್ಲರೂ ನಕ್ಕರು. ಗಾಳೆಪ್ಪನವರೂ ನಕ್ಕು ಮುಂದೆ ಬಂದರು. "ನಾನ ಸಾಹೇಬ್ರ, ನಾನ ಹಚ್ಚೀನಿ. ನಮ್ಮಾಕಿ ಕೂಸುಗೋಳಿಗೆ ಕಾಯಸೂ ಎಣ್ಣಿರಿ. ಒಂದು ಅಮಾಸಿ ತಪ್ಪಿಸಿಲ್ಲ. ಬ್ಯಾಸಗ್ಯಾಗ ರಬ್ಬರು ಒಣಗಿ ಸೀಳಬಾರದು ನೋಡ್ರಿ."

ಹೊಗಳುತ್ತಾರೆಂದು ಅವರು ಕಾದು ನಿಂತರು. ಮುಖದ ತುಂಬ ನಗು ಹಾಗೇ ಇತ್ತು.

ಲಿಂಗರಾಜ್ ಕೈ ಒರೆಸಿಕೊಂಡು ಮೆಲ್ಲಗೆ ಹೇಳಿದರು. "ಗಾಳೆಪ್ಪ, ಲಾರಿ ಪಟ್ಟಿ ಕಬ್ಬಿಣ. ಅದಕ್ಕ ಎಣ್ಣಿ ಬೇಕು. ಇದು ರಬ್ಬರು. ಎಣ್ಣಿ ಕುಡದರ ಸಾಯ್ತೈತಿ."

"ಎಣ್ಣಿ ಹಚ್ಚಿದ್ರ ಸಾಯ್ತೈತ್ರಿ?"

"ಹೂಂ. ಜೀವಾನ ಹೋಗಿಬಿಡ್ತೈತಿ ಅದರದ್ದು."

ಗಾಳೆಪ್ಪನವರು ಈಶ್ವರ್ ಕಡೆ ನೋಡಿದರು. ಅಮಾವಾಸ್ಯೆಯ ದಿನ ಅವರು ಎಣ್ಣೆ ಹಚ್ಚುವುದನ್ನು ಈಶ್ವರ್ ಎಷ್ಟೋ ಸಲ ಕಂಡಿದ್ದರು, "ಮುಂದಿನ ಸಲ ಕಣ್ಣಿಗೆ ಕಾಡಿಗಿನೂ ಹಚ್ಚು ಮಾಮ" ಎಂದು ಚೇಷ್ಟೆಯನ್ನೂ ಮಾಡಿದ್ದರು. ಈಗ ನನ್ನ ಗಂಡ ಹೊಸ ರಬ್ಬರಿನ ಪೆಟ್ಟಿಗೆಯ ಮೇಲಿನ ಅಕ್ಷರ ಓದುತ್ತ ನಿಂತರು. ಸಂಜೆ ಮನೆಯಲ್ಲಿ ನಾನದನ್ನು ಕೇಳಿದಾಗ, "ನನಗರ ಏನ್ ಗೊತ್ತಿತ್ತು?" ಎಂದು ಸಿಡುಕಿ ಊಟ ಬಿಟ್ಟೆದ್ದರು.

"ಎಣ್ಣಿ ಇಲ್ಲದಿದ್ರೂ ಇವಕ್ಕ ವಯಸ್ಸಾಗಿತ್ತು. ಇನ್ನೊಂದೆರಡು ವರ್ಷ ಬರ್ತಿದ್ವು, ಅಷ್ಟ" ಎಂದು ಲಿಂಗರಾಜ್ ಸಮಾಧಾನ ಹೇಳಿದರು. ಅದು ಗಾಳೆಪ್ಪನವರ ಕಿವಿಗೆ ಬಿತ್ತೋ ಇಲ್ಲವೋ. ಅವರು ತೂಗುತ್ತಿದ್ದ ಗಾಲಿಯನ್ನೇ ನೋಡುತ್ತಿದ್ದರು. ಹಾಗೇ ನೋಡುತ್ತ ಕೇಳಿದರು: "ಆ ಹುಡುಗಿ ಒಳಗಿದ್ಲಲ್ರಿ?"

ಲಿಂಗರಾಜ್ ಹೊಸ ರಬ್ಬರಿನ ಪೆಟ್ಟಿಗೆಯನ್ನು ಹತ್ತಿರಕ್ಕೆಳೆದು ಮುಚ್ಚಳ ಬಿಚ್ಚಿದರು.

ಹೊಸ ಬಿಲ್ಲೆಗಳನ್ನು ಕಬ್ಬಿಣದ ಇಕ್ಕುಳದಲ್ಲಿ ಹಿಂಡಿ ಹಿಂಡಿ ಗಿಡ್ಡ ಮಾಡಿ ಕಾಲಿನೊಳಗೆ ಕೂರಿಸಬೇಕು. ಅದಕ್ಕೆ ಇಬ್ಬರು ಬೇಕು. ಗಾಳೆಪ್ಪನವರು ಸೋಪು ಹಚ್ಚಿ ಮೊಣಕೈವರೆಗೂ ಕೈ ತೊಳೆದುಕೊಂಡು ಬಂದು, "ಹಿಡೀಲೇನ್ರಿ?" ಎಂದರು. ಅಷ್ಟರಲ್ಲಿ ಶೆಡ್ಡಿನ ಮ್ಯಾನೇಜರ್ ಫೋನಿನಲ್ಲಿ ಧಣಿಗೆ ಎಲ್ಲ ಹೇಳಿ ಮುಗಿಸಿದ್ದರು. "ನೀ ಬ್ಯಾಡ ಗಾಳೆಪ್ಪ. ಇನ್ನ ಶೆಡ್ಡಿನೊಳಗ ಬರೂದೂ ಬ್ಯಾಡ. ಮ್ಯಾಲಿನವ್ರ ಮಾತು" ಎಂದರು. ಈಶ್ವರ್ ಇಕ್ಕುಳ ಹಿಡಿದರು. ಗಾಳೆಪ್ಪನವರು ಒದ್ದೆ ಕೈ ಮುಂದೆ ಹಿಡಿದುಕೊಂಡೇ ಬಾಗಿಲ ಹೊರಗೆ ಬಿಸಿಲಲ್ಲಿ ನಿಂತು ನೋಡಿದರು. ಜಾಕು ಇಳಿಸಿದಾಗ ವಿಮಾನ ಒಂದಿಷ್ಟೂ ವಾಲದೆ ನಿಂತಿತು. ಅದನ್ನು ಕಂಡು ಅವರು ಹೊರಟುಹೋದರು. ಚಪ್ಪಲಿ ಶೆಡ್ಡಿನಲ್ಲೇ ಉಳಿದಿತ್ತು. ನಾನು ತಂದುಕೊಟ್ಟೆ.

ಹೆಂಡತಿಗೆ ಅವರು ಹೇಳಿದ್ದು ಇಷ್ಟೇ: "ವಯಸ್ಸಾತು, ಸಾಕು ಅಂದ್ರು." ವಿರುಪಮ್ಮ ನನ್ನ ಮಗನ ಬೆನ್ನು ತಿಕ್ಕುತ್ತ ಧಣಿಯ ವಂಶವನ್ನೆಲ್ಲ ಜಾಲಾಡಿದರು. "ತಿಂಗಳಾ ಬಟ್ಟಲ ಎಣ್ಣಿ ಕೊಟ್ಟು ಕಳಿಸ್ತಿದ್ನೆವ್ವ, ನಮ್ ಕೂಸಂತ. ಆ ಇಮಾನ ಇವತ್ತು ಹಂಗ ಮ್ಯಾಲ ಹಾರ್ತದಂದ್ರ ನನ್ನ ಎಣ್ಣಿ ಪುಣ್ಯ! ಇವ್ರಿಗೇನ್ ಗೊತ್ತು?" ನಾನು ಬಿಸಿನೀರು ತರುವ ನೆಪದಲ್ಲಿ ಎದ್ದುಹೋದೆ.

ಅಂದಿನಿಂದ ಗಾಳೆಪ್ಪನವರು ಯಾವ ಮಗುವನ್ನೂ ಮುಟ್ಟಿಲ್ಲ. ನನ್ನ ಮಗ ಅವರನ್ನು ಕಂಡು ಎರಡೂ ಕೈ ಎತ್ತಿದರೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಾರೆ. ಹೊಸಪೇಟೆಯ ಗ್ಯಾರೇಜಿನ ಜಂಬುನಾಥ್ ಕೆಲಸಕ್ಕೆ ಕರೆದರು, ಕಂಪ್ಲಿಯ ಅಕ್ಕಿ ಗಿರಣಿಯಿಂದಲೂ ಹೇಳಿಕಳಿಸಿದರು. ಯಂತ್ರಗಳಿಗೆ ಎಣ್ಣೆ ಬಿಡುವ ಕೆಲಸ. "ಒಲ್ಲೆ" ಎಂದರು. ವಿಮಾನದ ಸದ್ದು ಕೇಳಿದರೆ ಅಂಗಳಕ್ಕೆ ಬಂದು ತಲೆ ತಗ್ಗಿಸಿ ನಿಲ್ಲುತ್ತಾರೆ. ಮೇಲೆ ನೋಡುವುದಿಲ್ಲ. ಇಳಿದು ಸದ್ದು ನಿಂತ ಮೇಲೆ "ಇಳೀತು" ಎಂದು ತಮಗೆ ತಾವೇ ಹೇಳಿಕೊಂಡು, ಬಚ್ಚಲಿಗೆ ಹೋಗಿ ಕೈ ತೊಳೆಯುತ್ತಾರೆ. ಬೆರಳ ಸಂದುಗಳು ಸೋಪಿಗೆ ಬಿಳಿಚಿ ಬಿರಿದಿವೆ. ಹಚ್ಚಿಕೊಳ್ಳಿ ಎಂದು ಮುಲಾಮು ಕೊಟ್ಟೆ. ಕಟ್ಟೆಯ ಮೇಲೆ ಹಾಗೇ ಬಿದ್ದಿದೆ.

ಇಂದು ಮಗನನ್ನು ಹೊಸಪೇಟೆಯ ಡಾಕ್ಟರಿಗೆ ತೋರಿಸಿದೆ. ಸೆಖೆಗೆ ಮೈತುಂಬ ಬೆವರುಗುಳ್ಳೆ ಎದ್ದಿವೆ. ಅವು ಮಾಯುವವರೆಗೆ ಎಣ್ಣೆ ಬೇಡ ಎಂದರು. ಮನೆಗೆ ಬಂದು, ನಾಳೆಯಿಂದ ವಿರುಪಮ್ಮನಿಗೆ ಎಣ್ಣೆ ನಿಲ್ಲಿಸಲು ಹೇಳಬೇಕು ಎಂದು ಈಶ್ವರ್‌ಗೆ ಹೇಳುತ್ತಿದ್ದೆ. ಗೋಡೆ ಒಂದೇ ಎಂಬುದು ಮರೆತುಹೋಗಿತ್ತು.

ಸಂಜೆ ವಿರುಪಮ್ಮ ಸಂತೆಗೆ ಹೋದಾಗ ಗಾಳೆಪ್ಪನವರು ನಮ್ಮ ಹೊಸ್ತಿಲ ಹೊರಗೆ ಬಂದು ನಿಂತರು.

"ಒಳಗ ಬರ್ರಿ ಮಾಮ, ಕುಂದ್ರಿ" ಎಂದೆ.

ಬರಲಿಲ್ಲ. "ಕೂಸಿಗೆ ಎಣ್ಣಿ ಆಗಿಬರ್ಲಿಲ್ಲಂತ, ತಂಗೆವ್ವ?"

"ಹಂಗೇನಿಲ್ಲ ಮಾಮ. ಬ್ಯಾಸಗಿ ಗುಳ್ಳಿ. ನಾಕು ದಿನ ಬಿಟ್ರ ಹೋಗ್ತಾವು."

ನಾನು ಹೇಳಿದ್ದು ನಿಜವೇ. ಅವರು ನಂಬಲಿಲ್ಲ. ತೊಟ್ಟಿಲ ಕಡೆ ನೋಡಿ, ಕೂಡಲೇ ಕಣ್ಣು ಬೇರೆಡೆಗೆ ತಿರುಗಿಸಿದರು.

"ಇಮಾನದ್ದು ಎಣ್ಣಿಯಿಂದ ಆತು ಅಂತ ಆಕಿಗೆ ಹೇಳೀಯೇನು?"

"ಇಲ್ಲ ಮಾಮ. ನಮ್ಮನಿಯವ್ರೂ ಹೇಳಿಲ್ಲ."

"ಹೇಳಬ್ಯಾಡ್ರಿ. ಗೊತ್ತಾದ್ರ ಆಕಿ ಮತ್ತ ಯಾವ ಕೂಸನ್ನೂ ಮುಟ್ಟಂಗಿಲ್ಲ, ನನ್ನಂಗ." ಬಿರಿದ ಕೈಗಳನ್ನು ಪಂಚೆಗೆ ಒರೆಸಿಕೊಂಡರು. "ಇನ್ನೊಂದು ಕೇಳ್ತೀನಿ, ಬ್ಯಾಡ ಅನಬ್ಯಾಡ. ನಾಳೆ ಮುಂಜಾನಿ ಆಕಿ ಬಟ್ಟಲ ಹಿಡಕೊಂಡು ಬರ್ತಾಳ. ಎಣ್ಣಿ ಬ್ಯಾಡ ಅಂತ ಹೇಳಬ್ಯಾಡ ತಂಗೆವ್ವ. ಒಂದು ಬಟ್ಟು ಪಾದಕ್ಕ ಹಚ್ಚಿಸಿಕೋ. ಆಕಿ ಹೊಳ್ಳಿ ಹೋದಮ್ಯಾಲ ಒರಸಿಬಿಡು."