ಬರ್ಫದಾಗಿನ ಬುತ್ತಿ

ಅಡಗಿಮನಿ ಅಂದ್ರ ನನಗ ಮೊದಲಿಂದ ಆಗಿಬರೂದಿಲ್ಲ. ಇದನ್ನ ಬಾಯಿಬಿಟ್ಟು ಹೇಳಾಕ ನಾ ಅಜ್ಜಿ ಆಗಬೇಕಾತು ನೋಡ್ರಿ! ಈಗ ಮೊಮ್ಮಗಳು ಬಂದಾಳ, ಹೊಟ್ಟಿ ತುಂಬಿ ಬಾಯಿಗೆ ಬಂದೈತಿ, ಇನ್ನ ಯಾರ ಅಂಜಿಕಿ ನನಗ?

ಮದುವಿಯಾಗಿ ತಾವರಗೇರಾಕ್ಕ ಬಂದಾಗ ನನ್ನ ಕೈ ಸಣ್ಣವು, ಹಿಟ್ಟು ನಾದೂ ಪರಾತ ದೊಡ್ಡದು. ರೊಟ್ಟಿ ಹರದ್ರ ಅತ್ತಿ ಊದುಗೊಳವಿಲೆ ಮಣಿಕಟ್ಟಿಗೆ ಬಡೀತಿದ್ಲು. ರೊಟ್ಟಿ ಆರಿದ್ರ ಗಂಡ ತಾಟು ಒದೀತಿದ್ದ. ಆ ಮನ್ಯಾಗ ಒಂದು ಪದ್ಧತಿ. ಗಂಡಸು ತಾಟಿನ ಮುಂದ ಕುಂತ ಮ್ಯಾಲೇ ರೊಟ್ಟಿ ಬಡೀಬೇಕು, ಹಂಚಿನಿಂದ ಎದ್ದದ್ದು ಸೀದಾ ಅವನ ತಾಟಿಗೆ ಬೀಳಬೇಕು. ನಡುವ ಒಂದು ಉಸುರು ತಡ ಆದ್ರ ಬೆನ್ನು ಕೆಂಪಾಗ್ತಿತ್ತು. ಅತ್ತಿ ಸತ್ಲು, ಗಂಡ ಸತ್ತ. ಪದ್ಧತಿ ಮಾತ್ರ ಸಾಯ್ಲಿಲ್ಲ. ಅದನ್ನ ನನ್ನ ಮಗ ಹಿಡಕೊಂಡ. ಗಂಗಾವತಿ ಕಡೆ ಭತ್ತದ ಲಾರಿ ಹೊಡೀತಿದ್ದ ಅವ. ಮನಿಗೆ ಬಂದ್ನಂದ್ರ ಕೈಕಾಲು ತೊಳ್ಯಾಕಿಂತ ಮೊದ್ಲ ಒದರತಿದ್ದ, “ರೊಟ್ಟಿ ಬಿಸಿ ಅದಾವೇನ್ ಬೇ?”

ಸೊಸಿ ಬಂದ್ಲು. ಕುಷ್ಟಗಿ ಸರ್ಕಾರಿ ದವಾಖಾನ್ಯಾಗ ನರ್ಸ್. ತಾಯಿ ಇಲ್ಲದ ಹುಡುಗಿ, ದಿನಾ ಬಸ್ಸಿಗೆ ಹೋಗಿ ಬರಾಕಿ. ಒಂದಿನ ಒಲಿ ಮುಂದ ಕಣ್ಣು ಒರಸ್ಕೋತ ಅಂದ್ಲು, “ಅತ್ತಿ, ಸಿಟ್ಟಾಗಬ್ಯಾಡ್ರಿ. ನನಗ ಅಡಗಿ ಮಾಡೂದು ಸೇರೂದಿಲ್ಲ.”

“ಯವ್ವಾ, ನನಗೂ ಸೇರೂದಿಲ್ಲ!” ಅಂದೆ. ಇಬ್ಬರೂ ಒಬ್ಬರ ಮಾರಿ ಒಬ್ಬರು ನೋಡಿದ್ವಿ. ಆಮ್ಯಾಲೆ ಹೆಂಗ ನಕ್ವಿ ಅಂದ್ರ, ಹಂಚಿನ ಮ್ಯಾಲಿನ ರೊಟ್ಟಿ ಕರ್ರಗ ಸುಟ್ಟು ಹೋತು.

ಮುಂದ ಆಕಿ ಒಂದು ಫ್ರಿಜ್ ತಂದ್ಲು. ಐತ್ವಾರ ಬಂತಂದ್ರ ನಾವಿಬ್ಬರೂ ಅಡಗಿಮನಿ ಮ್ಯಾಲೆ ದಂಡು ಬಿದ್ದಂಗ ಬೀಳ್ತಿದ್ವಿ. ಪುಂಡಿಸೊಪ್ಪಿನ ಕುತ್ತಿಗಿ ಮುರದು, ತೊಗರಿಬ್ಯಾಳಿ, ಜ್ವಾಳದ ನುಚ್ಚು ಹಾಕಿ ಕುದಿಸಿ, ಕಡಗೋಲಿಲೆ ಹೊಡದು ಹೊಡದು ಮೆತ್ತಗ ಮಾಡೂದು. ಮಡಕಿಕಾಳು, ಹೆಸರುಕಾಳು ಮೊಳಕಿ ಬರಿಸಿ ಅರ್ಧ ಬೇಯಿಸಿ ನೀರು ಬಸಿಯೂದು. ಬ್ಯಾಳಿ ಕುದಿಸಿ ಮಸದು ಇಡೂದು. ಎಲ್ಲಾ ಆರಿಸಿ, ಒಂದೊಂದು ಹೊತ್ತಿಗೆ ಆಗೂವಷ್ಟು ಸಣ್ಣ ಡಬ್ಬಿಗೆ ತುಂಬಿ ಮ್ಯಾಲಿನ ಬರ್ಫದ ಖಾನ್ಯಾಗ ದೂಡಿಬಿಡೂದು. ಮೊದಲ ಸಲ ಕಂಠಮಟ ತುಂಬಿದ್ವಿ, ಹೆಪ್ಪುಗಟ್ಟಿ ಉಬ್ಬಿ ಮುಚ್ಚಳ ಹಾರಿಸಿಬಿಡ್ತು. ಆಮ್ಯಾಲೆ ಒಂದು ಬಟ್ಟು ಜಾಗಾ ಬಿಡಾಕ ಕಲ್ತ್ವಿ. ಕರೆಂಟ್ ಹೋದ್ರ ಬಾಗಿಲ ತಗೀಬಾರದು ಅಂತನೂ ಕಲ್ತ್ವಿ. ಒಗ್ಗರಣಿ ಮಾತ್ರ ಉಣ್ಣೂ ಹೊತ್ತಿನಾಗ. ಬಳ್ಳೊಳ್ಳಿ ಜಜ್ಜಿ ಹಾಕಿದ್ರ ಓಣಿ ಮಂದಿ ಮೂಗು ಅರಳಸ್ತಿದ್ರು. ಇನ್ನ ಕಡಕ್ ರೊಟ್ಟಿ ಅಂತೂ ಬುಟ್ಟಿ ತುಂಬ ಇದ್ದ ಇರ್ತಿದ್ವು. ಮಗ ಮನ್ಯಾಗ ಇದ್ದಾಗ ಅಷ್ಟ ಬಿಸಿ ರೊಟ್ಟಿ ಬಡೀತಿದ್ವಿ, ಡಬ್ಬಿ ಸುದ್ದಿ ಅವಗ ಗೊತ್ತಿರಲಿಲ್ಲ.

ಬಸರಿ ಹೆಂಗಸಿಗೆ ರಕ್ತ ಕಡಿಮಿ ಆಗಬಾರದು, ಸೊಪ್ಪು ಕಾಳು ತಪ್ಪಬಾರದು ಅಂತ ಆಕೀನ ಹೇಳ್ತಿದ್ಲು. ಹೌದ್ರಿ, ಆವಾಗ ಆಕಿ ಹೊಟ್ಟ್ಯಾಗ ನನ್ನ ಮೊಮ್ಮಗಳು ಒದ್ಯಾಕ ಚಾಲೂ ಮಾಡಿದ್ಲು.

ಒಂದಿನ ಮಗ ಹೇಳದ ಕೇಳದ ಮಧ್ಯಾಹ್ನಕ್ಕ ಬಂದ. ಸೊಸಿ ಆಗಷ್ಟ ಡಬ್ಬಿ ಬೋರಲ ಹಾಕಿ ನೀರು ಬಿಟ್ಟಿದ್ಲು. ಹೆಪ್ಪುಗಟ್ಟಿದ ಪುಂಡಿಪಲ್ಯದ ಗಡ್ಡಿ ತಾಟಿಗೆ ಟಣ್ ಅಂತ ಬಿತ್ತು.

“ಏನದು?”

“ಪಲ್ಯರೀ. ಐತ್ವಾರ ಮಾಡಿದ್ದು. ಈಗ ಬಿಸಿ ಮಾಡ್ತೀನಿ.”

“ತಂಗಳಾ? ನಾ ಏನ್ ಬಾಗಲಾಗಿನ ನಾಯೇನ?” ಅಂದು ಆಕಿ ಕಪಾಳಕ್ಕ ಹೊಡದ. ಆಕಿ ಗ್ವಾಡಿಗೆ ಹೋಗಿ ಬಿದ್ಲು.

“ಏ ಭಾಡ್ಯಾ! ಹುಲಿಗೆಮ್ಮನ ಜಾತ್ರಿಗೆ ಹೋಗೂವಾಗ ವಾರದ ಹಿಂದಿನ ಬುತ್ತಿ ಬಿಚ್ಚಿ ಬೆರಳು ನೆಕ್ಕತಿ. ಅದು ತಂಗಳ ಅಲ್ಲೇನ?” ಅಂದೆ ನಾ.

“ಅದು ದೇವರ ಬುತ್ತಿ ಬೇ! ಇದು ಮೈಗಳ್ಳರ ಬುತ್ತಿ!”

ಹಂಗಂದು ಆ ಗಡ್ಡಿ ಎತ್ತಿ ಆಕಿ ಹೊಟ್ಟಿ ಕಡೆ ಬೀಸಿದ. ಕಲ್ಲು ಬೀಸಿದಂಗ! ನಾ ಅಡ್ಡ ಬಿದ್ದೆ. ನನ್ನ ಹುಬ್ಬು ಒಡೀತು. ಕಣ್ಣಾಗ ರಕ್ತ, ಬಾಯಾಗ ಪುಂಡಿ ಹುಳಿ. ಅಷ್ಟಕ್ಕ ತೃಪ್ತಿ ಆಗ್ಲಿಲ್ಲ ಅವಗ. ಕುಡುಗೋಲು ತಗೊಂಡು ಬರ್ಫದ ಖಾನ್ಯಾಗ ಗಚಗಚ ಚುಚ್ಚಿದ. ಆಡು ಕಡಿಯೂವಂಗ ಚುಚ್ಚಿದ. ಒಳಗಿಂದ ಒಮ್ಮಿಂದೊಮ್ಮಿಗೆ ಬುಸ್ಸ್ ಅಂತ ಗ್ಯಾಸ್ ಹಾರ್ತು ನೋಡ್ರಿ, ಬಾಂಬ್ ಅಂತ ತಿಳದು ಕುಡುಗೋಲು ಒಗದು ಬೀದಿಗೆ ಓಡಿದ ಹುಲಿ! ಲುಂಗಿ ಬಾಗಲಾಗ ಉಳೀತು.

ಬಾಜೂಮನಿ ಅಕ್ಕ ಬಂದು, “ಏನ್ ಸಿಡೀತವ್ವಾ?” ಅಂದ್ಲು.

“ನಮ್ಮ ಮನಿ ಗಂಡಸ್ತನ,” ಅಂದೆ, ಹಣಿ ಒತ್ತಿ ಹಿಡಕೊಂಡು.

ಸೊಸಿ ನನ್ನ ಗಾಯಕ್ಕ ಹೊಲಿಗಿ ಹಾಕಿಸಿದ್ಲು. ಆಮ್ಯಾಲೆ ಸೀರಿ ಮಡಿಚಿ ಗಂಟು ಕಟ್ಟಿದ್ಲು. “ಅತ್ತಿ, ದವಾಖಾನಿ ಹಿಂದ ನನಗ ಕ್ವಾಟ್ರಸ್ ಕೊಟ್ಟಾರ. ಈ ಕೂಸು ಈ ಮನ್ಯಾಗ ಹುಟ್ಟೂದಿಲ್ಲ. ಹುಟ್ಟಿದ ಮ್ಯಾಲೂ ಈ ಹೊಸ್ತಿಲ ದಾಟೂದಿಲ್ಲ.”

ಜೀವಮಾನದಾಗ ನನಗ ಬೇಕಂತ ಬೇಡಿಕೊಂಡದ್ದು ಅದೊಂದ, ಆ ಕೂಸು ನನ್ನ ತೊಡಿ ಮ್ಯಾಲೆ ಬೀಳೂದು. “ಮತ್ತ ನಾನವ್ವಾ?” ಅಂದೆ.

“ಬಾಣಂತನ ಮಾಡಾಕ ನನಗ್ಯಾರದಾರ? ನೀವೂ ಬರ್ರಿ. ಆದ್ರ ಒಂದ ಮಾತು. ಅವ ಬಾಗಿಲಿಗೆ ಬಂದಾಗ ನೀವು ಅವನ ತಾಯಿ ಆಗಿ ನಿಂತ್ರ, ನಾ ಕೂಸಿನ ಕಟ್ಟಿಕೊಂಡು ಎಲ್ಲಿಗೋ ಹೋಗಿಬಿಡ್ತೀನಿ.”

ಒಳಗ ಹೋಗಿ ನನ್ನ ಗಂಟೂ ಕಟ್ಟಿದೆ. ಮಗನ ಬಿಟ್ಟು ಸೊಸಿ ಬೆನ್ನು ಹತ್ತಿದಾಕಿ ಅಂತ ಊರು ಉಗುಳಿತು. ಉಗುಳಲಿ! ಫ್ರಿಜ್ಜಿನ ತೂತು ಮುಚ್ಚಿಸಿ, ಗ್ಯಾಸ್ ತುಂಬಿಸಿ, ಗೂಡ್ಸ್ ಗಾಡ್ಯಾಗ ಹಗ್ಗ ಕಟ್ಟಿ ನಿಲ್ಲಿಸಿ, ಬಾಜೂಕ ನಾ ಕುಂತು ಕುಷ್ಟಗಿಗೆ ಹೋದೆ. ದಿಬ್ಬಣ ಹೋದಂಗ ಹೋದೆ!

ಮೊಮ್ಮಗಳು ಹುಟ್ಟಿದ್ಲು. ಏನ್ ಚೀರತಾಳ, ಏನ್ ಮುಷ್ಟಿ, ಏನ್ ಕಾಲು! ಹುಟ್ಟಿದಾಕೀನ ನನ್ನ ಗದ್ದಕ್ಕ ಗುದ್ದಿದ್ಲು. ಇಡೀ ಜನ್ಮದಾಗ ಬಿದ್ದ ಹೊಡತದಾಗ ಅದೊಂದ ಸಿಹಿ.

ಬಾಣಂತಿಗೆ ನೀರು ಕಾಸೂ ಹೊತ್ತಿನಾಗ ಮಗ ಬಂದ. ಬಾಗಿಲಿಗೆ ಒದ್ದ. ಅಗಳಿ ಕಿತ್ತು ಬಿತ್ತು. “ಕೂಸಿನ ಕೊಡ್ರಿ. ನನ್ನ ರಕ್ತ ಅದು, ತಾವರಗೇರಾಕ್ಕ ಒಯ್ತೀನಿ. ಇಕಿ ಬಂದು ಬಿಸಿ ರೊಟ್ಟಿ ಹಾಕೂದಾದ್ರ ಬರ್ಲಿ, ಇಲ್ಲಂದ್ರ ಇಲ್ಲೇ ಸಾಯ್ಲಿ.” ಸೊಸಿ ಕೂಸಿನ ಎದಿಗೆ ಅವಚಿಕೊಂಡು ಮೂಲಿಗೆ ಸರದ್ಲು. ಸರದು ಅವನ ನೋಡ್ಲಿಲ್ಲ ಆಕಿ, ನನ್ನ ನೋಡಿದ್ಲು.

ನನ್ನ ಕೈಯಾಗ ಹಂಡೇದಿಂದ ತುಂಬಿದ ಚೊಂಬು ಇತ್ತು, ಹೊಗಿ ಏಳ್ತಿತ್ತು.

“ನಿಂದರ ಅಲ್ಲೇ. ಹೆಜ್ಜಿ ಇಟ್ರ ಸುಡ್ತೀನಿ.”

“ಹೆತ್ತ ಮಗನ್ನ ಸುಡ್ತೀಯೇನ್ ಬೇ?” ಅಂತ ನಕ್ಕ. ನಕ್ಕೋತ ಹೆಜ್ಜಿ ಇಟ್ಟ.

ಸುಟ್ಟೆ. ಎರಡೂ ಪಾದದ ಮ್ಯಾಲೆ ಸುರವಿದೆ. ಅವ ನೆಲಕ್ಕ ಬಿದ್ದು ಹೊರಳಿದ, ಕುಣದ, ನನ್ನ ವಂಶ ಎತ್ತಿ ಬೈದ. ಅದು ಅವನ ವಂಶನೂ ಹೌದು ಅನ್ನೂ ಖಬರ ಇರಲಿಲ್ಲ. ನಾ ಮತ್ತೊಂದು ಚೊಂಬು ತುಂಬಿದೆ. ಅದನ್ನ ನೋಡಿ ಕುಂಟಕೋತ ಮೆಟ್ಟಲ ಇಳದ. ಸೊಸಿ ಅದೇ ದಿನ ಠಾಣೆಗೆ ಹೋಗಿ ಬರಸಿ ಬಂದ್ಲು. ಅವ ಮತ್ತ ಈ ಕಡೆ ಹಾಯ್ಲಿಲ್ಲ. ಅವನ ಕಾಲಿನ ಗುಳ್ಳಿ ನನ್ನ ಕರುಳಿನಾಗೂ ಎದ್ದಾವು, ಸುಳ್ಳು ಹೇಳೂದಿಲ್ಲ. ಆದ್ರ ಚೊಂಬು ತುಂಬಿದ್ದಕ್ಕ ಒಂದು ದಿನಾನೂ ಮರುಗಿಲ್ಲ.

ರಜಾ ಮುಗದ ದಿನ ಸೊಸಿ ತಲಿ ಬಾಚಿಕೊಂಡ್ಲು. ಫ್ರಿಜ್ಜಿನಾಗಿಂದ ಮಡಕಿಕಾಳಿನ ಡಬ್ಬಿ ತಗದು ಒಲಿ ಕಟ್ಟಿ ಮ್ಯಾಲೆ ಇಟ್ಟು, “ಅತ್ತಿ, ಇದಕ್ಕ ಒಗ್ಗರಣಿ ಹಾಕ್ಕೊಂಡು ಉಣ್ರಿ. ಅಡಗಿ ಅಂತ ಮೈ ಸುಟ್ಟುಕೋಬ್ಯಾಡ್ರಿ,” ಅಂದ್ಲು. ಆಮ್ಯಾಲೆ ಕೂಸಿನ ನನ್ನ ತೊಡಿ ಮ್ಯಾಲೆ ಇಟ್ಲು. ನಾ ಒಬ್ಬಾಕಿನ ಇದ್ದ ಮನ್ಯಾಗ ಇಟ್ಲು! ಒಮ್ಮಿನೂ ಹಿಂದ ತಿರುಗಿ ನೋಡ್ಲಿಲ್ಲ, ದವಾಖಾನಿ ಕಡೆ ಬೀಸಬೀಸ ನಡದುಬಿಟ್ಲು.

ನಾ ಖುಷಿಗೆ ಎಷ್ಟು ಜೋರ ಕೂಗಿದೆ ಅಂದ್ರ, ಕೂಸು ಬೆಚ್ಚಿಬಿದ್ದು ಅಳಾಕ ಹತ್ತಿತು.