ತಲೆಗೆ ಅಗಸಿ

ನನ್ನ ಕೂದಲು ಗುಂಗುರು. ಹುಟ್ಟಿದಾಗಿನಿಂದ ಹಾಗೆಯೇ ಇದೆ, ಸಾಯುವವರೆಗೂ ಹಾಗೆಯೇ ಇರುತ್ತದೆ. ಇಷ್ಟನ್ನು ಗಟ್ಟಿಯಾಗಿ ಹೇಳುವುದಕ್ಕೆ ನನಗೆ ಇಪ್ಪತ್ತೇಳು ವರ್ಷ ಬೇಕಾದವಲ್ಲ, ಅದೇ ನನ್ನ ಸಿಟ್ಟು.

ಇಂಡಿ ಊರಿನ ನಮ್ಮ ಮನೆಯಲ್ಲಿ ಅವ್ವ ಬೆಳಿಗ್ಗೆ ನನ್ನನ್ನು ಮುಂದೆ ಕೂಡಿಸಿಕೊಂಡು, ಕೊಬ್ಬರಿ ಎಣ್ಣೆ ಸುರಿದು, ಒಣ ಕೂದಲ ಮೇಲೆಯೇ ಬಾಚಣಿಗೆ ಎಳೆಯುತ್ತಿದ್ದಳು. ಹುಬ್ಬು ಮೇಲೆ ಸರಿಯುವಷ್ಟು ಬಿಗಿ ಹೆರಳು. ಒಂದೆಳೆ ಹೊರಗೆ ಬಂದರೂ, "ಗುಬ್ಬಿ ಗೂಡು ಕಟ್ಯಾವ ನೋಡು" ಎನ್ನುತ್ತಿದ್ದಳು. ಅವಳದೂ ಗುಂಗುರೇ. ಆದರೆ ಅವಳ ತುರುಬು ಬಿಚ್ಚಿದ್ದನ್ನು ನಾನು ಕಂಡವಳೇ ಅಲ್ಲ. ಜಳಕ ಮಾಡಿ ಹೊರಬರುವಷ್ಟರಲ್ಲಿ ತುರುಬು ಕಟ್ಟಿ ಪಿನ್ನು ಸಿಕ್ಕಿಸಿಕೊಂಡಿರುತ್ತಿದ್ದಳು.

ಸಿಂದಗಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸಲು ಸೇರಿದ ಮೇಲೆ, ಮೊಬೈಲಿನಲ್ಲಿ ನೋಡಿ ನೋಡಿ ನಾನೇ ದಾರಿ ಕಂಡುಕೊಂಡೆ. ಒಣಗಿದಾಗ ಬಾಚಬಾರದು. ಒದ್ದೆಯಿರುವಾಗಲೇ ಬೆರಳಿನಿಂದ ಸಿಕ್ಕು ಬಿಡಿಸಬೇಕು. ಅಗಸಿ ಬೀಜ ಕುದಿಸಿ, ಬಟ್ಟೆಯಲ್ಲಿ ಸೋಸಿದಾಗ ಬರುವ ಲೋಳೆ ಹಚ್ಚಿ, ಹಿಡಿಹಿಡಿಯಾಗಿ ಮೇಲಕ್ಕೆ ಒತ್ತಿ, ಮುಟ್ಟದೆ ಒಣಗಲು ಬಿಡಬೇಕು. ಅಗಸಿ ನಮ್ಮ ಕಡೆ ಯಾರ ಮನೆಯಲ್ಲಿಲ್ಲ?

ಮೊದಲ ಸಲವೇ ಎಡವಟ್ಟಾಯಿತು. ರೊಟ್ಟಿಗೆ ಹಚ್ಚಿಕೊಳ್ಳುವ ಹಿಂಡಿ ಕುಟ್ಟಲೆಂದು ಅವ್ವ ಹುರಿದಿಟ್ಟಿದ್ದ ಅಗಸಿಯನ್ನೇ ಕುದಿಸಿಬಿಟ್ಟೆ. ಸಿಂದಗಿ ಬಸ್ಸಿನಲ್ಲಿ ಪಕ್ಕದ ಹೆಂಗಸು ಮೂಗೆಳೆದು, "ಅಕ್ಕಾರ, ಬುತ್ತ್ಯಾಗ ಅಗಸಿ ಹಿಂಡಿ ಐತೇನ್ರಿ? ವಾಸನಿ ಭಾರಿ ಬರಾಕತ್ತೈತಿ" ಎಂದಳು. ಹೌದೆಂದೆ. ಸಂಜೆ ಅವ್ವನಿಗೆ ಹೇಳಿದರೆ ಅವಳು ನಗಲಿಲ್ಲ. "ತಿನ್ನೋದನ್ನ ತಲಿಗಿ ಬಳಕೊಂತಿಯಲ್ಲ, ಬುದ್ಧಿ ಐತೇನ್ ನಿನಗ?" ಎಂದಳು.

ಆ ವರ್ಷವೇ ಮುದ್ದೇಬಿಹಾಳದವರು ಕನ್ಯೆ ನೋಡಲು ಬರುತ್ತೇವೆಂದು ಹೇಳಿ ಕಳಿಸಿದರು. ಅವ್ವ ಪಾರ್ಲರಿಗೆ ಹೋಗಿ ಮಾತಾಡಿಕೊಂಡು ಬಂದಳು, ಕೂದಲು ನೆಟ್ಟಗೆ ಮಾಡಿಸಬೇಕೆಂದು. ಹಿಂದೊಮ್ಮೆ ಬಸವನ ಬಾಗೇವಾಡಿಯಲ್ಲಿ ಚಿಕ್ಕಮ್ಮನ ಮಗಳ ಮದುವೆಗೆ ಹಾಗೆ ಮಾಡಿಸಿ, ತುದಿಯೆಲ್ಲ ಒಣ ಕಡ್ಡಿಯಂತೆ ಮುರಿದು, ಮತ್ತೆ ವರ್ಷಗಟ್ಟಲೆ ಬೆಳೆಸಿದವಳು ನಾನು. ಒಲ್ಲೆ ಎಂದೆ.

"ನಾಲ್ಕು ಮಂದಿ ಮುಂದ ನನ್ನ ಮಾನ ಕಳೀಬ್ಯಾಡ. ಇದೂ ತಪ್ಪಿತಂದ್ರ ಮತ್ತ ಯಾರು ಬರ್ತಾರ?" ಎಂದು ಅವ್ವ ಅತ್ತಳು. ಹುಡುಗ ಫೋಟೊದಲ್ಲಿ ನನಗೂ ಹಿಡಿಸಿದ್ದ. ಹೆದರಿಕೆ ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೂ ಒಲ್ಲೆ ಎಂದರೆ ಒಲ್ಲೆ.

ಹುಡುಗನ ಕಡೆಯ ಹಿರಿಯ ಹೆಂಗಸು ಕನ್ಯೆಯ ಹೆರಳು ಬಿಚ್ಚಿ ನೋಡುವ ರೂಢಿ ನಮ್ಮಲ್ಲಿ ಕೆಲವರ ಮನೆಗಳಲ್ಲಿ ಇನ್ನೂ ಇದೆ. ಒಳಗೆ ಚೌರಿ ಸೇರಿಸಿ ಉದ್ದ ಮಾಡಿದ್ದಾರೇನೋ ಎಂಬ ಅನುಮಾನ. ಆ ತೊಂದರೆಯೇ ಬೇಡವೆಂದು ನಾನು ಕೂದಲು ಬಿಟ್ಟುಕೊಂಡೇ ಹೋಗಿ ಕುಳಿತೆ. ಹುಡುಗನ ಸೋದರತ್ತೆ ಒಂದು ಸುರುಳಿ ಹಿಡಿದು ಎಳೆದಳು. ಸೊಂಟದ ತನಕ ಬಂತು. ಬಿಟ್ಟಳು, ಮೇಲೆ ಹೋಯಿತು.

"ಉದ್ದ ಏನೋ ಐತಿ. ಲಗ್ನದ ಮುಂಚೆ ನೆಟ್ಟಗ ಮಾಡಿಸಿಬಿಡ್ರಿ," ಎಂದಳು ಅವ್ವನಿಗೆ, ನಾನು ಅಲ್ಲಿ ಇಲ್ಲವೇ ಇಲ್ಲವೆಂಬಂತೆ.

"ಇಲ್ರಿ, ಮಾಡಸಂಗಿಲ್ಲ," ಎಂದೆ ನಾನು.

"ಹುಡುಗಿಗಿ ಹಠ ಭಾಳ ಐತಿ."

"ಹೌದ್ರಿ. ಕೂದಲಕಿಂತ ಜಾಸ್ತಿ ಐತಿ."

ಹುಡುಗ ತಲೆ ಎತ್ತದೆ ಉಪ್ಪಿಟ್ಟಿನ ತಟ್ಟೆ ನೋಡುತ್ತ ಕುಳಿತಿದ್ದ. ನನಗೆ ಅಷ್ಟೇ ಸಾಕಾಯಿತು. ಆಮೇಲೆ ಅವರ ಕಡೆಯಿಂದ ಫೋನು ಬರಲಿಲ್ಲ.

ಅವ್ವ ಎಂಟು ದಿನ ಮಾತು ಬಿಟ್ಟಳು. ನಾನೂ ಬಿಟ್ಟೆ. ಒಂಬತ್ತನೆಯ ದಿನ ರವಿವಾರ. ತಲೆ ಎರೆದುಕೊಂಡು ಅಡುಗೆಮನೆಗೆ ಬಂದರೆ ಹಿಂಡಿ ಡಬ್ಬಿಯ ಪಕ್ಕ ಇನ್ನೊಂದು ಡಬ್ಬಿ.

"ಅದು ಹುರಿಲಾರದ್ದು," ಎಂದಳು ಅವ್ವ. "ನಿನ್ನ ತಲಿಗಿ."

ಕುದಿಸಿ, ಸೋಸಿ, ಬಟ್ಟಲು ಹಿಡಿದು ತಿರುಗಿದರೆ ಅವಳು ನನಗೆ ಬೆನ್ನು ಮಾಡಿ ನೆಲದ ಮೇಲೆ ಕುಳಿತಿದ್ದಳು. ಆಗಷ್ಟೇ ಜಳಕ ಮಾಡಿ ಕಟ್ಟಿದ್ದ ತುರುಬಿನ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಮಡಿಲಲ್ಲಿ ಹಾಕಿಕೊಳ್ಳುತ್ತಿದ್ದಳು. ಅರ್ಧ ಬೆಳ್ಳಗಾದ ಒದ್ದೆ ಕೂದಲು ಬೆನ್ನಿನ ಮೇಲೆ ಬಿದ್ದು, ನನ್ನದರ ಹಾಗೆಯೇ ಸುರುಳಿಯಾಗಿ ಮೇಲೆ ಸರಿಯಿತು.

"ಲಗ್ನಾಗಿ ಬಂದ ದಿನಾನ ನಮ್ಮತ್ತಿ ಇದಕ್ಕ ಕುರಿ ತುಪ್ಪಟ ಅಂದಿದ್ಲು," ಎಂದಳು. "ಸಾವಕಾಶ ಹಚ್ಚು. ಬಾಚಣಿಕಿ ತರಬ್ಯಾಡ."